ಈ ಸಲ ನಾನೂ ಬೆಟ್ಟ ಹತ್ತುವೆ

"ಯಾವ ಮಾತ್ರೆ ಅಂದ್ರಿ? ಕೇಳಿಸ್ಲಿಲ್ಲ…"

ಶಿವರಂಜನಿಗೆ ನಿಂತ ನೆಲವೇ ಬಾಯಿ ತೆರೆದು ತನ್ನನ್ನು ನುಂಗಬಾರದೇ ಅನಿಸಿತು!

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದ್ದ ಆ ಮೆಡಿಕಲ್ ಸ್ಟೋರ್ ಖಾಲಿಯಾಗಲಿ ಎಂದು ಅವಳು ಎದುರಿನ ಪಾತ್ರೆ ಅಂಗಡಿಯಲ್ಲಿ ಬೇಡದ ಬಕೆಟ್ಟಿನ ಬೆಲೆ ವಿಚಾರಿಸುತ್ತಾ ನಿಂತಿದ್ದಳು. ಕೊನೆಯ ಗಿರಾಕಿ ಹೊರಟದ್ದೇ ತಡ, ಓಡಿ ಬಂದು ಕೌಂಟರಿನ ಗಾಜು ನೋಡುತ್ತಾ ಒಂದೇ ಉಸಿರಿಗೆ ಪಿಸುಗುಟ್ಟಿದ್ದಳು. ಈಗ ಮತ್ತೆ ಹೇಳಬೇಕೆ?

ನಿಧಾನಕ್ಕೆ ತಲೆ ಎತ್ತಿದಳು. ತಿಳಿನೀಲಿ ಅಂಗಿ. ಹಣೆಗೆ ಜಾರಿದ ಗುಂಗುರು ಕೂದಲು. ಮತ್ತೆ… ಆ ಕಣ್ಣುಗಳು! ಎಷ್ಟು ಶಾಂತ ಕಣ್ಣುಗಳು!

"ಡೇಟ್… ಮುಂದಕ್ಕೆ ಹಾಕೋದು," ಎಂದಳು. ಕಿವಿಯ ತುದಿ ಬಿಸಿಯಾಯಿತು.

ಅವನು ನಗಲಿಲ್ಲ. ಮುಖ ತಿರುಗಿಸಲೂ ಇಲ್ಲ.

"ಯಾವತ್ತಿಗೆ ಐತೆ?"

"ನಾಳೆ… ಇಲ್ಲಾ ನಾಡಿದ್ದು."

"ತಡ ಆಯ್ತಲ್ರಿ. ಇದನ್ನ ಮೊದಲೇ ಶುರು ಮಾಡಬೇಕಿತ್ತು. ಈಗ ತಗಂಡ್ರೆ ನಿಲ್ಲುತ್ತೆ ಅನ್ನೋ ಗ್ಯಾರಂಟಿ ಇಲ್ಲ. ವಾಕರಿಕೆ, ತಲೆನೋವು ಬೇರೆ ಬರಬಹುದು. ಒಂದ್ಸಲ ಲೇಡಿ ಡಾಕ್ಟರ್‌ನ ಕೇಳಿದ್ರೆ ಒಳ್ಳೇದು." ಸ್ವಲ್ಪ ತಡೆದು ಕೇಳಿದ, "ಮದುವೆ ಆಗೈತಾ?"

ಶಿವರಂಜನಿಗೆ ಸಿಟ್ಟು ನೆತ್ತಿಗೇರಿತು. "ಅದ್ಯಾಕ್ರಿ ನಿಮಗೆ?"

"ಹೊಟ್ಟೇಲಿ ಮಗು ಇದ್ರೆ ಇದನ್ನ ಕೊಡಂಗಿಲ್ಲ… ಅದಕ್ಕೆ…"

"ಇಲ್ಲ! ಮದುವೇನೂ ಇಲ್ಲ, ಮಗೂನೂ ಇಲ್ಲ! ಕೊಡ್ತೀರೋ ಇಲ್ವೋ?"

ಈಗ ಅವನ ಮುಖವೇ ಕೆಂಪಾಯಿತು. ಮಾತ್ರೆ ಕವರಿಗೆ ಹಾಕಿ, ಹೇಗೆ ತೆಗೆದುಕೊಳ್ಳಬೇಕೆಂದು ಮೆಲ್ಲಗೆ ಹೇಳಿ ಕೊಟ್ಟ. ಅವಳು ದಾಪುಗಾಲು ಹಾಕಿ ಹೊರಟಳು.

ರಸ್ತೆ ತಿರುವಿನಲ್ಲಿ ಯಾಕೋ ಒಮ್ಮೆ ಹಿಂತಿರುಗಿ ನೋಡಿದಳು. ಅವನು ಇನ್ನೂ ಅಲ್ಲೇ ನಿಂತು ನೋಡುತ್ತಿದ್ದ…

'ಇನ್ನು ಜನ್ಮದಲ್ಲಿ ಈ ಅಂಗಡಿ ಕಡೆ ಬರಲ್ಲ!' ಅಂದುಕೊಂಡಳು. ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಲೇ ಇತ್ತು.

ಅವಳಿಗೆ ಅಷ್ಟು ಹಟ ಯಾಕಿತ್ತು?

ಶಿವರಂಜನಿ ಶೇಂಗಾ ವ್ಯಾಪಾರಿ ಮುರುಗೇಂದ್ರಪ್ಪನವರ ಕಿರಿಯ ಮಗಳು. ಚರಿತ್ರೆ ಎಂದರೆ ಪ್ರಾಣ. ಬಿ.ಎ. ಮುಗಿಸಿದ್ದಳು. ಮೊಳಕಾಲ್ಮೂರಿನ ಹತ್ತಿರ, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಕಾಲದ ಶಾಸನವಿದೆ. ಪಾಠದಲ್ಲಿ ಅದನ್ನು ಓದಿ ಬರೆದು ಪಾಸಾದವಳು, ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ.

ಮನೆಯವರು ಬೆಟ್ಟಕ್ಕೆ ಹೋದಾಗಲೆಲ್ಲ ಅವಳ ಹೊಟ್ಟೆನೋವಿಗೂ ಅದೇ ದಿನ ಬೇಕಿತ್ತು! "ನೀನು ಗಾಡೀಲೇ ಕುಂತಿರು," ಎನ್ನುತ್ತಿದ್ದಳು ಅವ್ವ. ಎಲ್ಲರೂ ಮೇಲೆ ಹೋಗಿ ಇರುವೆಗಳಷ್ಟು ಚಿಕ್ಕವರಾಗುವುದನ್ನು ಕಿಟಕಿಯಿಂದ ನೋಡುತ್ತಾ ಕೂತಿರುವುದು… ಅದು ಅವಳ ಪಾಲಿನ ಪ್ರವಾಸ.

2003ರ ಬೇಸಿಗೆ ರಜೆ. ಅಕ್ಕ ತ್ರಿವೇಣಿಯ ಮದುವೆ ಗೊತ್ತಾಗಿತ್ತು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಕೊಂಡು, ಅಲ್ಲೇ ಸೋದರತ್ತೆಯ ಮನೆಯಲ್ಲಿ ಉಳಿದು, ಮರುದಿನ ಬೆಟ್ಟ ಹತ್ತುವುದೆಂದು ಅಪ್ಪ ಹೇಳಿದ್ದರು. ಅವ್ವ ಮಂಜುಳಮ್ಮ ಮಗಳನ್ನು ಅಡುಗೆಮನೆಗೆ ಎಳೆದು ಪಿಸುಗುಟ್ಟಿದ್ದಳು. "ಅದೇನೋ ಮಾತ್ರೆ ಬರ್ತೈತಂತೆ, ತಗಂಬಿಡು. ನಿಮ್ಮಪ್ಪಂಗೆ ಗೊತ್ತಾಗಬಾರ್ದು."

ಯಾರಿಗೂ ಗೊತ್ತಾಗಬಾರದು. ಆದರೆ ಒಬ್ಬನಿಗೆ ಗೊತ್ತಾಗಿತ್ತಲ್ಲ!

* * *

ಮೊಳಕಾಲ್ಮೂರಿನ ನೇಕಾರ ಚಿತ್ತಯ್ಯನವರ ಮನೆಯಲ್ಲಿ ಮಗ್ಗದ ಸದ್ದು ಲಾಲಿಯ ಹಾಗೆ ಒಂದೇ ಸಮ ಕೇಳುತ್ತಿತ್ತು. ಚಾಪೆಯ ಮೇಲೆ ಸೀರೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಕಡುನೇರಳೆಗೆ ಹಸಿರು ಅಂಚು, ಸಾಸಿವೆ ಹೂವಿನ ಬಣ್ಣಕ್ಕೆ ಕೆಂಪು ಸೆರಗು… ಮಾತ್ರೆಯಿಂದಲೋ ಏನೋ ಶಿವರಂಜನಿಗೆ ತಲೆ ಹಗುರಾಗಿ ತೇಲುವ ಹಾಗಿತ್ತು. ಬಣ್ಣಗಳೆಲ್ಲ ಕನಸಿನಲ್ಲಿ ಕಂಡಂತೆ ಕಾಣುತ್ತಿದ್ದವು.

"ನೀರು ತಗಳ್ರಿ," ಎಂಬ ದನಿ ಕೇಳಿ ತಲೆ ಎತ್ತಿದಳು.

ತಿಳಿನೀಲಿ ಅಂಗಿ ಇರಲಿಲ್ಲ, ಇವತ್ತು ಬಿಳಿ. ಆದರೆ ಅದೇ ಕಣ್ಣುಗಳು!

"ಇವನು ನಮ್ಮ ಮಗ ವಿನೋದ," ಎಂದರು ಚಿತ್ತಯ್ಯ. "ನಿಮ್ಮ ಚಳ್ಳಕೆರೇಲೇ ಮೆಡಿಕಲ್ ಸ್ಟೋರ್ ಇಟ್ಟವನೆ. ಭಾನುವಾರ ಅಂತ ಮನೆಗೆ ಬಂದವನೆ."

ಶಿವರಂಜನಿ ಲೋಟ ತೆಗೆದುಕೊಂಡು ತಲೆ ತಗ್ಗಿಸಿದಳು. ವಿನೋದನಿಗೂ ಗುರುತು ಸಿಕ್ಕಿತ್ತು. ಆದರೆ ಅವನು ಏನೂ ಗೊತ್ತಿಲ್ಲದವನಂತೆ ಒಳಗೆ ಹೋದ.

'ಅಬ್ಬಾ… ಒಳ್ಳೆಯವನೇ ಇರಬೇಕು,' ಎಂದುಕೊಳ್ಳುವಷ್ಟರಲ್ಲಿ, ಒಳಕೋಣೆಯಿಂದ ಅವನು ತಾಯಿ ಈಶ್ವರಮ್ಮನ ಜೊತೆ ತೆಲುಗಿನಲ್ಲಿ ಮಾತಾಡುವುದು ಕೇಳಿಸಿತು.

"ಮಾತ್ರಲು… ಉಂಡು, ನಾನ್ನಕಿ ಚೆಪ್ತಾ!"

ಚಳ್ಳಕೆರೆಯ ಹುಡುಗಿಗೆ ಅಷ್ಟು ತೆಲುಗು ಬಾರದೇ? ಮಾತ್ರೆ… ತಡಿ, ಅಪ್ಪನಿಗೆ ಹೇಳ್ತೀನಿ! ಅದೇ ಹೊತ್ತಿಗೆ ಈಶ್ವರಮ್ಮ ಬಾಗಿಲಿನಿಂದ ಇಣುಕಿ, ನೇರವಾಗಿ ಇವಳನ್ನೇ ನೋಡಿ ನಕ್ಕರು.

ಶಿವರಂಜನಿಗೆ ಕಣ್ಣು ಕತ್ತಲಿಟ್ಟಿತು. ಹೇಳಿಬಿಟ್ಟನಾ! ತಾಯಿಗೆ ಹೇಳಿ, ಈಗ ಅಪ್ಪನಿಗೂ…!

ಲೋಟ ಇಡುವ ನೆಪದಲ್ಲಿ ಹಿತ್ತಲಿಗೆ ಹೋದಳು. ವಿನೋದ ಬೇವಿನ ಮರದ ಕೆಳಗೆ ನಿಂತಿದ್ದ.

"ಗಿರಾಕಿಗಳ ಗುಟ್ಟನ್ನ ಮನೆಮಂದಿಗೆಲ್ಲ ಹಂಚ್ತೀರೇನ್ರಿ? ನಾಚಿಕೆ ಆಗಲ್ವಾ ನಿಮಗೆ?"

"ನಾನಾ? ನಾನೇನು ಹೇಳ್ದೆ?" ಅವನು ತಬ್ಬಿಬ್ಬಾದ.

"ಮಾತಾಡಿಸಬ್ಯಾಡ್ರಿ ನನ್ನ!"

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಸರ್ರನೆ ಒಳಗೆ ನಡೆದಳು.

* * *

ಮರುದಿನ ಬೆಳಗ್ಗೆ ಬೆಟ್ಟದ ಬುಡದಲ್ಲಿ ಗಾಡಿ ನಿಂತಿತು. ಗುಡಿಯ ಪೂಜಾರಪ್ಪ ತಮಗೆ ಪರಿಚಯದವರೆಂದು ಚಿತ್ತಯ್ಯ ಮಗನನ್ನೂ ಜೊತೆಗೆ ಕಳಿಸಿದ್ದರು. "ಕೆಳಗೇ ನಿಂತು ಕೈ ಮುಗಿದು ಬರ್ತೀನಿ," ಎಂದು ಈಶ್ವರಮ್ಮನೂ ಬಂದಿದ್ದರು.

ಎಳೆಬಿಸಿಲಲ್ಲಿ ಬಂಡೆಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು. ಶಿವರಂಜನಿ ಮೇಲೆ ನೋಡಿದಳು. ಅಂತೂ ಈ ಸಲ…!

ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಸೊಂಟದಲ್ಲಿ ಚಳುಕು. ಹೊಟ್ಟೆಯಲ್ಲಿ ಅದೇ ಹಳೆಯ ನೋವು…

"ಅವ್ವಾ…" ಕಣ್ಣಲ್ಲೇ ಹೇಳಿದಳು.

ಮಂಜುಳಮ್ಮನ ಮುಖ ಬಾಡಿತು. "ಮಾತ್ರೆ ತಗಂಡೂನಾ? ಹೋಗ್ಲಿ ಬಿಡು… ಗಾಡೀಲೇ ಕುಂತಿರು. ಹುಡುಗಿಗೆ ಬಿಸಿಲು ಹತ್ತೈತೆ ಅಂತ ನಿಮ್ಮಪ್ಪಂಗೆ ಹೇಳ್ತೀನಿ."

ಎಲ್ಲರೂ ಹತ್ತತೊಡಗಿದರು. ವಿನೋದ ಒಮ್ಮೆ ತಿರುಗಿ ನೋಡಿ, ಮುಂದೆ ಹೋದ.

ಗಾಡಿಯೊಳಗೆ ಮುಖ ಮುಚ್ಚಿಕೊಂಡು ಶಿವರಂಜನಿ ಬಿಕ್ಕಿದಳು. ಪಕ್ಕದಲ್ಲಿ ಯಾರೋ ಬಂದು ಕೂತರು. ಈಶ್ವರಮ್ಮ!

"ಅಳಬ್ಯಾಡಮ್ಮಾ. ನಾನೂ ಹತ್ತಂಗಿಲ್ಲ ನೋಡು. ನನಗೆ ಬಿ.ಪಿ. ನಿನ್ನೆ ಮಾತ್ರೆ ತಗಳ್ಳಾದು ಮರ್ತಿದ್ದೆ. ನಮ್ ವಿನೋದ ಎಷ್ಟು ಬೈದ ಅಂತೀಯಾ! ನಾನ್ನಕಿ ಚೆಪ್ತಾ ಅಂತ ಹೆದರಿಸ್ತಾನೆ, ನಾನೇನೋ ಸಣ್ಣ ಹುಡುಗಿ ಅನ್ನಂಗೆ! ನೀನು ಕೇಳಿಸ್ಕಂಡೆ ಅಂತ ನನಗೆ ನಗು ಬಂತು."

ಶಿವರಂಜನಿಯ ಅಳು ಗಕ್ಕನೆ ನಿಂತಿತು.

'ಅಯ್ಯೋ ದೇವರೇ… ಅದು ಅಮ್ಮನ ಮಾತ್ರೆ! ನಾನು ಅವನಿಗೆ ಏನೆಲ್ಲ ಅಂದುಬಿಟ್ಟೆ!'

"ನಿನಗೇನಾತಮ್ಮಾ? ಬಿಸಿಲು ಹತ್ತಿದಂಗೆ ಕಾಣಲ್ಲ."

ಸುಳ್ಳು ಹೇಳಬಹುದಿತ್ತು. ಆದರೆ ಆ ಮುಖದ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ.

"ನಾನು ಮುಟ್ಟಾಗೀನಿ ಅಮ್ಮಾ. ಆ ಶಾಸನದ ಬಂಡೆ ನೋಡಬೇಕು ಅಂತ ಎಷ್ಟು ವರ್ಷದಿಂದ ಆಸೆ… ಪ್ರತಿ ಸಲ ಹಿಂಗೇ ಆಗ್ತೈತೆ."

ಈಶ್ವರಮ್ಮ ಅವಳ ತಲೆ ಸವರಿದರು. "ಬಂಡೆ ಇರಾದು ಗುಡಿ ಹೊರಗೆ. ಗುಡಿ ಒಳಗೆ ಹೋಗಬ್ಯಾಡ, ಮುಗೀತು. ನಮ್ಮನೇಲಿ ಆ ದಿನ ಅಂತ ನೂಲು ಸುತ್ತಾದು ಯಾರು ನಿಲ್ಸ್ತಾರೆ? ಕೈ ನಿಂತ್ರೆ ಮಗ್ಗ ನಿಲ್ತೈತೆ. ನೋವು ತಡ್ಕಳಾಕೆ ಆದ್ರೆ ಮೆಲ್ಲಗೆ ಹತ್ತು. ಇಲ್ಲಾ ನನ್ನ ಜೊತೆ ಕುಂತ್ಕ. ನಿನ್ನ ಮೈ, ನಿನಗೇ ಗೊತ್ತು."

ಶಿವರಂಜನಿ ಕಣ್ಣೊರೆಸಿಕೊಂಡು ಇಳಿದಳು.

ಹತ್ತಿದಳು. ನಿಂತಳು. ಮತ್ತೆ ಹತ್ತಿದಳು. ಬಂಡೆಗಳ ಸಂದಿಯಿಂದ ತಂಪು ಗಾಳಿ ಬೀಸಿ ಬೆವರಿದ ಕುತ್ತಿಗೆಯನ್ನು ನೇವರಿಸಿ ಹೋಗುತ್ತಿತ್ತು. ಕೆಳಗೆ ಬಯಲು ಬಿಸಿಲ ಮಬ್ಬಿನಲ್ಲಿ ತೇಲುತ್ತಿತ್ತು. ತಿರುವಿನಲ್ಲಿ ಹೆಜ್ಜೆಯ ಸದ್ದು ಕೇಳಿ ನೋಡಿದರೆ… ವಿನೋದ!

"ನೀವು? ಕೆಳಗೇ ಉಳಿದ್ರಲ್ಲ ಅಂತ… ನೋಡಿ ಬರಾನ ಅಂತ ಇಳೀತಿದ್ದೆ."

"ನಿನ್ನೆ ನಾನು ಅಂದಿದ್ದು… ತಪ್ಪಾತು. ಆ ಮಾತ್ರೆ ನಿಮ್ಮಮ್ಮಂದು ಅಂತ ಈಗ ಗೊತ್ತಾತು. ಕ್ಷಮಿಸ್ರಿ."

ಅವನ ಮುಖ ಅರಳಿತು. "ರಾತ್ರಿಯೆಲ್ಲ ಯೋಚ್ನೆ ಮಾಡಿದೆ, ನಾನೇನು ತಪ್ಪು ಮಾಡ್ದೆ ಅಂತ!" ಆಮೇಲೆ ತಗ್ಗಿದ ದನಿಯಲ್ಲಿ, "ನೋವೈತಾ?" ಎಂದ.

ಯಾವ ಗಂಡಸೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳು ಹೌದೆಂದು ತಲೆಯಾಡಿಸಿದಳು.

"ಕೈ ಕೊಡ್ಲಾ?"

ಅವಳು ಒಂದು ಗಳಿಗೆ ಅವನ ಚಾಚಿದ ಅಂಗೈ ನೋಡಿದಳು. ಹಿಡಿದಳು. ಬೆಟ್ಟ, ಗಾಳಿ, ಬಿಸಿಲು ಎಲ್ಲವೂ ಎಲ್ಲೋ ದೂರ ಸರಿದವು… ಆ ಕೈಯ ಬಿಸುಪೊಂದೇ ಉಳಿಯಿತು.

ಗುಡಿಯ ಹೊರಗಿನ ಆ ಬಂಡೆಗೆ ಊರವರು ಬಳೆಗಾರ ಗುಂಡು ಎನ್ನುತ್ತಾರೆ. ಅಕ್ಷರಗಳು ಬಹಳ ಸವೆದಿದ್ದವು. ಶಿವರಂಜನಿ ಮಂಡಿಯೂರಿ, ಕಲ್ಲಿಗೆ ತಾಗದಂತೆ ಗಾಳಿಯಲ್ಲೇ ಬೆರಳಾಡಿಸಿದಳು.

"ಎಷ್ಟೋ ಸಾವಿರ ಮಳೆ ನೋಡೈತೆ ಇದು…" ಎಂದಳು ಪಿಸುದನಿಯಲ್ಲಿ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

ವಿನೋದ ಬಂಡೆ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಲೇ ಶಿವಾ!" ಮಂಜುಳಮ್ಮ ಗಾಬರಿಯಿಂದ ಓಡಿ ಬಂದಳು. ಹಿಂದೆಯೇ ಮುರುಗೇಂದ್ರಪ್ಪ. "ನೀನ್ಯಾಕೆ ಹತ್ತಿ ಬಂದೆ? ನಿನಗೆ…"

ಶಿವರಂಜನಿ ಎದ್ದು ನಿಂತಳು.

"ಅಪ್ಪಾ, ನನಗೆ ಬಿಸಿಲು ಹತ್ತಿಲ್ಲ. ನಾನು ಮುಟ್ಟಾಗೀನಿ. ಗುಡಿ ಒಳಗೆ ಬರಲ್ಲ. ಈ ಬಂಡೆ ನೋಡಬೇಕಿತ್ತು… ನೋಡಿದೆ."

ಮಂಜುಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುರುಗೇಂದ್ರಪ್ಪ ಒಮ್ಮೆ ಗುಡಿಯತ್ತ, ಒಮ್ಮೆ ಮಗಳತ್ತ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಅವಳ ತಲೆಯ ಮೇಲೆ ಹೊದಿಸಿದರು.

"ಬಿಸಿಲೈತೆ. ನೆಳ್ಳಿಗೆ ಕುಂತು ನೋಡವ್ವಾ," ಎಂದರು. ಅಷ್ಟೇ.

* * *

ಅಕ್ಕನ ಮದುವೆಯಾಯಿತು. ಮದುವೆಗೆ ಬಂದ ವಿನೋದ ಕಣ್ಣಲ್ಲೇ ನೂರು ಮಾತಾಡಿ ಹೋದ. ಶಿವರಂಜನಿ ದೊಡ್ಡಉಳ್ಳಾರ್ತಿಯ ಶಾಲೆಯಲ್ಲಿ ಟೀಚರ್ ಆದಳು. ಬಸ್ಸು ಕಾಯುವಾಗ ವಿನೋದ ಬಂದು ಮಾತಾಡಿಸುತ್ತಿದ್ದ. ಶಾಸನದ ಕಥೆ, ಮಕ್ಕಳ ಕಥೆ, ಮಗ್ಗದ ಕಥೆ… ಮನಸ್ಸಿನ ಮಾತೊಂದನ್ನು ಬಿಟ್ಟು ಎಲ್ಲ!

ಮಳೆಗಾಲ ಶುರುವಾದ ಮೇಲೆ ಅವನು ಬರುವುದನ್ನೇ ನಿಲ್ಲಿಸಿಬಿಟ್ಟ.

ಕಾರಣ ಅವಳಿಗೆ ಗೊತ್ತಾದದ್ದು ಈಶ್ವರಮ್ಮ ಪೇಟೆಯಲ್ಲಿ ಸಿಕ್ಕಾಗ. "ದಾವಣಗೆರೆ ಗಂಡು ಗೊತ್ತಾತಂತಲ್ಲಮ್ಮಾ ನಿನಗೆ? ನಮ್ಮ ಹುಡುಗ ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ…"

ಗಂಡು ಗೊತ್ತಾಗಿರಲಿಲ್ಲ! ಗಂಡು ನೋಡುವ ಬಗ್ಗೆ ಅಪ್ಪ ಯಾರ ಹತ್ತಿರವೋ ಆಡಿದ ಮಾತು ಅವನ ಕಿವಿಗೆ ಬಿದ್ದಿತ್ತು ಅಷ್ಟೇ.

ಆ ಸಂಜೆ ಶಿವರಂಜನಿ ಅಪ್ಪನ ಎದುರು ಕೂತಳು. "ನಾನು ಚಿತ್ತಯ್ಯನವರ ವಿನೋದನ್ನ ಮದುವೆ ಆಗ್ತೀನಿ ಅಪ್ಪಾ."

ಮನೆಯಲ್ಲಿ ಬಿರುಗಾಳಿ ಎದ್ದಿತು. "ಜಾತಿ ಬ್ಯಾರೆ, ಮಾತು ಬ್ಯಾರೆ! ಜನ ಏನಂತಾರೆ?" ಎಂದು ಅವ್ವ ಅತ್ತಳು. ಅಪ್ಪ ಮಾತು ಬಿಟ್ಟರು. ಅವಳು ಜಗಳವಾಡಲಿಲ್ಲ. ಅವ್ವ ಕೇಳಿದಾಗಲೆಲ್ಲ ಅದನ್ನೇ ಹೇಳಿದಳು. ಅಪ್ಪ ಒಂದು ಬೆಳಗ್ಗೆ ಯಾರಿಗೂ ಹೇಳದೆ ಎಲ್ಲಿಗೋ ಹೊರಟುಹೋದರು.

ಅಂದೇ ಸಂಜೆ ಶಾಲೆ ಬಿಟ್ಟು ಅವಳು ದನ ಮೇಯುವ ಕಾವಲಿನ ಅಂಚಿನಲ್ಲಿ ನಡೆದು ಬರುತ್ತಿದ್ದಳು. ಮಳೆಗೆ ಹುಲ್ಲುಗಾವಲು ಹಸಿರಾಗಿ ಅಲೆಯಲೆಯಾಗಿ ತೂಗುತ್ತಿತ್ತು. ಮೋಡದ ನೆರಳುಗಳು ಅದರ ಮೇಲೆ ಮೆಲ್ಲಗೆ ಈಜುತ್ತಿದ್ದವು. ದೂರದಲ್ಲಿ ಒಂದು ಬೈಕು ನಿಂತಿತು. ಯಾರೋ ಇಳಿದು ಓಡಿ ಬರುತ್ತಿದ್ದರು…

ವಿನೋದ!

ಏದುಸಿರು ಬಿಡುತ್ತಾ ಅವಳೆದುರು ನಿಂತ.

"ನಿಮ್ಮಪ್ಪ ಮೊಳಕಾಲ್ಮೂರಿಗೆ, ನಮ್ಮನೆಗೆ ಬಂದಿದ್ರಂತೆ. ಅಮ್ಮ ಫೋನ್ ಮಾಡಿದ್ಲು."

"ಏನಂದ್ರು?"

"ಬಹಳ ಹೊತ್ತು ಮಗ್ಗ ನೋಡ್ತಾ ಕುಂತಿದ್ರಂತೆ. ಆಮೇಲೆ ನಮ್ಮಪ್ಪಂಗೆ ಹೇಳಿದ್ರಂತೆ, 'ನನಗೆ ಪೂರ್ತಿ ಮನಸ್ಸಿಲ್ಲ ಚಿತ್ತಯ್ಯ. ಆದ್ರೆ ನನ್ನ ಮಗಳು ಬೇಕು ಅಂದಿದ್ದನ್ನ ಬ್ಯಾಡ ಅನ್ನಾಕೂ ಬಾಯಿ ಬರ್ತಿಲ್ಲ. ಹುಡುಗನ್ನ ಭಾನುವಾರ ಕಳಿಸು, ಮಾತಾಡಾನ,' ಅಂತ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ನಿಮಗೆ ಗಂಡು ಗೊತ್ತಾಗೈತೆ ಅಂತ ದೂರ ಹೋದೆ," ಎಂದ ವಿನೋದ. "ಒಂದು ಮಾತು ಕೇಳಬೇಕಿತ್ತು. ಹೆದರಿದೆ."

"ಈಗ?"

"ಈಗ್ಲೂ ಹೆದರಿಕೆ ಐತೆ… ಆದ್ರೆ ಹೇಳದೆ ಇರಾಕೆ ಇನ್ನು ಆಗಲ್ಲ. ನಿಮ್ಮನ್ನ ಬಿಟ್ಟು ನನಗೆ ಬೇರೆ ಯಾರೂ ಬ್ಯಾಡ. ನೀವು…"

"ಊಹೂಂ," ಅವಳು ತಲೆಯಾಡಿಸಿದಳು. "ಇನ್ನು 'ನೀವು' ಅನ್ನಬಾರ್ದು."

ಗಾಳಿ ಬೀಸಿ ಹುಲ್ಲೆಲ್ಲ ಒಂದೇ ಕಡೆ ಬಾಗಿತು. ಅವನು ಅವಳ ಕೈ ಹಿಡಿದು, ಅಷ್ಟು ದಿನ ಮನಸ್ಸಿನಲ್ಲೇ ಕರೆದಿದ್ದ ಹೆಸರನ್ನು ಮೊದಲ ಸಲ ಬಾಯಿ ಬಿಟ್ಟು ಕರೆದ.

"ರಂಜನೀ…"

"ಇನ್ನೊಂದ್ಸಲ," ಎಂದಳು ಅವಳು, ಕಣ್ಣು ಮುಚ್ಚಿ.