ಭರಣಿಯೊಳಗಿನ ಗೆಲುವು

ಬಹಳ ಬಹಳ ಹಿಂದೆ, ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ, ಏಳು ಬೆಟ್ಟಗಳ ನಡುವೆ ಮಿಂಚನಾಡು ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಉಗ್ರಬಾಹುವಿಗೆ ಗೆಲುವೆಂದರೆ ಪ್ರಾಣ. ಆದರೆ ಅವನ ಪ್ರಜೆಗಳು ಆ ಮಾತನ್ನು ಹೊತ್ತು ಗೊತ್ತಿಲ್ಲದೆ ಬಳಸುತ್ತಿದ್ದರು. ನೀರು ಕಂಡ ಸಸಿ ಗೆಲುವಾಯಿತು ಎನ್ನುವರು. ಹೊಸ ಸೊಸೆ ಅತ್ತೆಯ ಮನಸ್ಸು ಗೆದ್ದಳು ಎನ್ನುವರು. ಜ್ವರ ಬಿಟ್ಟ ಮಗು ಗೆಲುವಾಗಿದೆ ಎನ್ನುವರು. ದೊರೆಗೆ ಇದು ಸೇರದು. 'ರಣರಂಗದ ಮಾತನ್ನು ಇವರು ಅಡುಗೆಮನೆಗೆ ತಂದರಲ್ಲ!' ಎಂದು ಹಲ್ಲು ಕಡಿಯುತ್ತಿದ್ದ.

ಒಂದು ದಿನ ಧೂಮ್ರಕನೆಂಬ ಮಾಂತ್ರಿಕ ತಾಮ್ರದ ಭರಣಿ ಹಿಡಿದು ಆಸ್ಥಾನಕ್ಕೆ ಬಂದ.

"ಮಹಾಪ್ರಭು, ಊರ ತುಂಬ ಚೆಲ್ಲಿಹೋಗಿರುವ ಗೆಲುವನ್ನೆಲ್ಲ ಇದರಲ್ಲಿ ತುಂಬಿಕೊಡುತ್ತೇನೆ. ಆಮೇಲೆ ಅದು ನಿಮ್ಮೊಬ್ಬರದೇ."

"ತುಂಬು!" ಎಂದ ದೊರೆ.

ಧೂಮ್ರಕ ಮಂತ್ರ ಹಾಕಿದ. ಹೊಲದಿಂದ, ಹಟ್ಟಿಯಿಂದ, ಗರಡಿಮನೆಯಿಂದ ಹಳದಿ ಬೆಳಕಿನ ಕಾಳುಗಳು ಹಾರಿ ಬಂದು ಭರಣಿಗೆ ಬಿದ್ದವು. ಅವನು ಮುಚ್ಚಳ ಹಾಕಿ, ಸೊಂಟಕ್ಕೆ ಕಟ್ಟಿಕೊಂಡು, ಹದ್ದಾಗಿ ತನ್ನ ಬೆಟ್ಟಕ್ಕೆ ಹಾರಿಹೋದ. ದೊರೆ ಸಿಂಹಾಸನದಲ್ಲಿ ಬಾಯಿ ಬಿಟ್ಟುಕೊಂಡು ಕೂತ.

ಅಂದಿನಿಂದ ಮಿಂಚನಾಡಿನಲ್ಲಿ ಯಾವ ಆಟವೂ ಮುಗಿಯಲಿಲ್ಲ. ಜಟ್ಟಿಗಳು ಮೂರು ದಿನ ಕುಸ್ತಿ ಹಿಡಿದು, ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಹೋದರು. ಎಷ್ಟು ನೀರು ಹನಿಸಿದರೂ ಸಸಿ ತಲೆ ಎತ್ತಲಿಲ್ಲ. ಆ ಮಾತನ್ನು ಆಡಹೋದರೆ ನಾಲಿಗೆ ಒಣಗಿ ಅಂಟಿಕೊಳ್ಳುತ್ತಿತ್ತು.

ಹೀಗೇ ಹನ್ನೆರಡು ವರ್ಷ ಕಳೆಯಿತು. ಆ ಊರಲ್ಲಿ ಕೆಂಚವ್ವ ಎಂಬವಳು ಬಿದಿರಬುಟ್ಟಿ ಹೆಣೆದು ಬದುಕುತ್ತಿದ್ದಳು. ಅವಳ ನಾಲ್ಕು ವರ್ಷದ ಮಗಳು ತುಂಗಿಗೆ ಜ್ವರ ಬಂತು. ಜ್ವರ ಬಿಟ್ಟಿತು. ಆದರೆ ಮಗು ಏಳಲಿಲ್ಲ, ಆಡಲಿಲ್ಲ, ಬೇಯಿಸಿದ ಸೊಪ್ಪಿನ ಹಾಗೆ ಚಾಪೆಗೆ ಅಂಟಿ ಮಲಗಿತು. ಕೆಂಚವ್ವ ಹತ್ತು ದಿನ ನೋಡಿದಳು. ಹನ್ನೊಂದನೆಯ ದಿನ ಗಂಡ ಮಾದಯ್ಯನಿಗೆ, "ಮಗು ಜೋಪಾನ. ನಾನು ಹೋಗಿ ಅದನ್ನು ತರುತ್ತೇನೆ" ಎಂದಳು.

"ಏನನ್ನು?"

"ನಾಲಿಗೆಗೆ ಬರುತ್ತಿಲ್ಲ. ನಿನಗೆ ಗೊತ್ತಲ್ಲ, ಅದನ್ನೇ."

ಅರ್ಧ ಹೆಣೆದ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಅವಳು ಧೂಮ್ರಕನ ಬೆಟ್ಟ ಹತ್ತಿದಳು.

ಮೊದಲ ತಿರುವಿನಲ್ಲಿ ಆನೆಗಾತ್ರದ ಕಲ್ಲು ಟಗರು ದಾರಿಗಡ್ಡ ನಿಂತಿತ್ತು. "ಹಣೆಗೆ ಹಣೆ ಕೊಡು!" ಎಂದು ಗುಡುಗಿತು.

"ಅಣ್ಣಾ, ನಾನು ಸೋತೆ."

"ಇನ್ನೂ ಗುದ್ದಾಡಲೇ ಇಲ್ಲವಲ್ಲ!"

"ಗುದ್ದಾಡಿದರೂ ಸೋಲುವವಳೇ. ಸುಮ್ಮನೆ ನಿನಗೇಕೆ ಶ್ರಮ?"

ಟಗರು ಯೋಚಿಸಿತು. ಹನ್ನೆರಡು ವರ್ಷದಲ್ಲಿ ಅದರ ಶ್ರಮದ ಬಗ್ಗೆ ಯಾರೂ ಕೇಳಿರಲಿಲ್ಲ. "ಹೋಗು ತಂಗಿ" ಎಂದು ಸರಿದು ನಿಂತಿತು.

ಎರಡನೆಯ ತಿರುವಿನಲ್ಲಿ ತಳ ಕಾಣದ ಕಂದರ. ದಡದ ಮೇಲೆ ಏಳು ಬಣ್ಣದ ದೊಡ್ಡ ಹಕ್ಕಿ. "ನಾನು ಹಾಡುತ್ತೇನೆ, ಆಮೇಲೆ ನೀನು ಹಾಡು. ನನಗಿಂತ ಚೆನ್ನಾಗಿ ಹಾಡದಿದ್ದರೆ ಕಂದರಕ್ಕೆ ತಳ್ಳುತ್ತೇನೆ" ಎಂದಿತು. ಹಕ್ಕಿ ಹಾಡಿತು. ಕೆಂಚವ್ವ ತನ್ನ ಸರದಿಯನ್ನೇ ಮರೆತಳು. ಕೆನ್ನೆ ಒದ್ದೆಯಾಯಿತು.

"ನಿನ್ನ ದನಿಗೆ ನಾನು ಸೋತುಹೋದೆ ಕಣವ್ವಾ. ಇನ್ನೊಂದು ಸಲ ಹಾಡುತ್ತೀಯಾ?"

ಹಕ್ಕಿ ರೆಕ್ಕೆ ಮಡಚಿ ಹತ್ತಿರ ಬಂತು. "ಬಂದವರೆಲ್ಲ ತಮ್ಮ ಹಾಡನ್ನೇ ಗುನುಗುತ್ತ ನಿಂತಿರುತ್ತಿದ್ದರು. ಕೇಳಿದವಳು ನೀನೊಬ್ಬಳೇ" ಎಂದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕಂದರ ದಾಟಿಸಿತು.

ಮೂರನೆಯ ತಿರುವಿನಲ್ಲಿ ಧೂಮ್ರಕನ ಗುಹೆ. ಅಂಗಳದ ತುಂಬ ಕಲ್ಲಾದ ಜನ. ಮಾಂತ್ರಿಕ ಚೌಕಾಬಾರದ ಮನೆ ಬರೆದುಕೊಂಡು ಕೂತಿದ್ದ.

"ಭರಣಿ ಬೇಕೇನೇ? ಆಡು. ಮೊದಲು ನಿನ್ನ ಕಾಯಿಗಳು ನಡುಮನೆ ಸೇರಿ ಹಣ್ಣಾದರೆ ಭರಣಿ ನಿನ್ನದು. ನನ್ನವು ಹಣ್ಣಾದರೆ, ಇಲ್ಲವೇ ಇವರ ಹಾಗೆ ಆಟದ ನಡುವೆ ಬೇಸತ್ತು ಎದ್ದರೆ, ನೀನೂ ಇವರ ಸಾಲಿನಲ್ಲಿ ಕಲ್ಲು."

ಕೆಂಚವ್ವ ಕಲ್ಲಾದವರ ಮುಖ ನೋಡಿದಳು. ಚಾಪೆಯ ಮೇಲಿನ ತುಂಗಿ ಕಣ್ಣಿಗೆ ಕಟ್ಟಿದಳು. ಕೂತು ಕವಡೆ ಹಿಡಿದಳು.

ಮಧ್ಯಾಹ್ನದೊಳಗೆ ಇಬ್ಬರಿಗೂ ಒಂದೊಂದೇ ಕಾಯಿ ಉಳಿಯಿತು. ಅವೂ ನಡುಮನೆಗೆ ಒಂದೇ ಹೆಜ್ಜೆ ದೂರ. ಯಾರಿಗೆ ಒಂದು ಬಿದ್ದರೂ ಆಟ ಮುಗಿಯಿತು. ಆದರೆ ಒಂದು ಬೀಳಲಿಲ್ಲ. ಅವನು ಹಾಕಿದರೆ ಎರಡು, ಇವಳು ಹಾಕಿದರೆ ಮೂರು. ಅವನಿಗೆ ನಾಲ್ಕರ ಚೌಕ, ಇವಳಿಗೆ ಎಂಟರ ಬಾರ. ಒಂದು ದಿನವಾಯಿತು, ಮೂರು ದಿನವಾಯಿತು, ಏಳು ದಿನವಾಯಿತು. ಅವನ ಸರದಿ ಬಂದಾಗಲೆಲ್ಲ ಕೆಂಚವ್ವ ಬುಟ್ಟಿ ಹೆಣೆಯುತ್ತಿದ್ದಳು. ಧೂಮ್ರಕ ಮಾತ್ರ ಗಡ್ಡ ಕಿತ್ತುಕೊಳ್ಳುತ್ತಿದ್ದ.

"ಇದೂ ಒಂದು ಆಟವೇ? ಮುಗಿಯುವುದೇ ಇಲ್ಲವಲ್ಲ!"

"ಮುಗಿಯಬೇಕಾದರೆ ಬೇಕಾದದ್ದು ನಿಮ್ಮ ಸೊಂಟದಲ್ಲೇ ಇದೆಯಲ್ಲ ಸ್ವಾಮಿ. ಅದು ಅಲ್ಲಿರುವ ತನಕ ನನಗೂ ಇಲ್ಲ, ನಿಮಗೂ ಇಲ್ಲ" ಎಂದಳು ಕೆಂಚವ್ವ.

ಧೂಮ್ರಕನ ಕೈಯಲ್ಲಿ ಕವಡೆ ನಿಂತಿತು. ಗೆಲುವನ್ನೆಲ್ಲ ಕಟ್ಟಿಕೊಂಡು ಓಡಾಡುವ ತಾನು ಒಂದು ದಿನವಾದರೂ ಗೆದ್ದಿದ್ದೇನೆಯೇ? ನೆನಪಾಗಲಿಲ್ಲ. ಒಮ್ಮೆ, ಒಂದೇ ಒಂದು ಸಲ! ಬೆರಳು ತುರಿಸಿದವು.

"ಒಂದು ಚಿಟಿಕೆ ತೆಗೆದುಕೊಂಡರೆ ಏನು ಮಹಾ" ಎಂದು ಗೊಣಗುತ್ತ ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿದ.

ಭರ್ರೆಂದು ಮುಚ್ಚಳ ಹಾರಿತು! ಹಳದಿ ಬೆಳಕಿನ ಕಾಳುಗಳು ಜೇನ್ನೊಣದ ಹಿಂಡಿನಂತೆ ಮೇಲೆದ್ದು ಮಿಂಚನಾಡಿನ ಕಡೆಗೆ ಹಾರಿದವು. ಅದೇ ಗಳಿಗೆಯಲ್ಲಿ ಅವನ ಕೈಯಿಂದ ಕವಡೆ ಜಾರಿ ಬಿತ್ತು. ಮೂರು ಬೋರಲು, ಒಂದು ಅಂಗಾತ.

"ಒಂದು! ಗೆದ್ದೆ! ಗೆದ್ದೆ!" ಎಂದು ಧೂಮ್ರಕ ಎರಡು ಕೈ ಎತ್ತಿ ಕುಣಿದ.

ಕೆಂಚವ್ವ ಕಣ್ಣು ಮುಚ್ಚಿದಳು. ಪಾದ ಕಲ್ಲಾಗುವುದನ್ನೇ ಕಾದಳು. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ, ಅಂಗಳದ ಕಲ್ಲುಗಳೇ ಮೈ ಮುರಿದು ಆಕಳಿಸುತ್ತಿದ್ದವು. ಮಾಂತ್ರಿಕನ ಶಕ್ತಿಯೆಲ್ಲ ಭರಣಿಯಲ್ಲಿತ್ತು, ಭರಣಿಯೀಗ ಖಾಲಿ. ಅಲ್ಲಿ ಕುಣಿಯುತ್ತಿದ್ದವನು ಬೊಚ್ಚುಬಾಯಿಯ ಒಬ್ಬ ಮುದುಕ, ಅಷ್ಟೇ. ತನ್ನ ಮಾಯೆ ಹೋದದ್ದು ಅವನಿಗೆ ತಿಳಿದದ್ದು ಕುಣಿದು ಸುಸ್ತಾದ ಮೇಲೆ.

"ಗೆದ್ದಿರಿ ಸ್ವಾಮಿ, ನ್ಯಾಯವಾಗಿಯೇ ಗೆದ್ದಿರಿ" ಎಂದು ಕೆಂಚವ್ವ ನಕ್ಕಳು.

"ಇನ್ನೊಂದು ಆಟ ಆಡೋಣವೇ, ತಾಯಿ?" ಎಂದು ಮುದುಕ ಆಸೆಯಿಂದ ಕೇಳಿದ.

ಕಲ್ಲಾಗಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು, "ಆಟ ಆಮೇಲೆ. ಹನ್ನೆರಡು ವರ್ಷದ ಹಸಿವು ನಮ್ಮದು, ಮೊದಲು ಒಲೆ ಹಚ್ಚು!" ಎಂದು ಗದರಿದಳು. ಮುದುಕ ತೆಪ್ಪಗೆ ಸೌದೆ ತರಲು ಹೋದ.

ಕೆಂಚವ್ವ ಹಕ್ಕಿಯ ಬೆನ್ನೇರಿ ಕಂದರ ದಾಟಿ, ಓಡುತ್ತಲೇ ಬೆಟ್ಟ ಇಳಿದಳು. ಊರ ಹೊಲದಲ್ಲಿ ಸಸಿಗಳು ತಲೆ ಎತ್ತಿದ್ದವು. ಗರಡಿಯಿಂದ ಕೂಗು ಕೇಳುತ್ತಿತ್ತು. ಊರ ಬಾಗಿಲಲ್ಲಿ ದೊರೆ ಬರಿಗಾಲಲ್ಲಿ ನಿಂತಿದ್ದ.

"ನನ್ನದು ತಪ್ಪಾಯಿತು, ತಾಯಿ. ಅದನ್ನು ನನ್ನೊಬ್ಬನದೇ ಮಾಡಿಕೊಳ್ಳಹೋಗಿ ಎಲ್ಲರ ಬಾಯಿಂದಲೂ ಕಿತ್ತುಕೊಂಡೆ" ಎಂದ.

"ಆಗಲಿ ಪ್ರಭು, ಆಮೇಲೆ ಮಾತಾಡೋಣ" ಎಂದು ಕೆಂಚವ್ವ ನಿಲ್ಲದೆ ಓಡಿದಳು. ದೊರೆಗೆ ಕೋಪ ಬರಲಿಲ್ಲ. ದಾರಿ ಬಿಟ್ಟ.

ಮನೆಯ ಮುಂದೆ ತುಂಗಿ ಕೋಳಿಮರಿಯನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ಮಾದಯ್ಯ ಬಾಗಿಲ ಚೌಕಟ್ಟಿಗೆ ಒರಗಿ ನಗುತ್ತಿದ್ದ, ಅಳುತ್ತಲೂ ಇದ್ದ.

"ನೋಡೇ ಕೆಂಚಿ," ಎಂದ, "ಮಗು ಗೆಲುವಾಗಿದೆ!"

ಆ ಊರಿನವರೆಲ್ಲ ಗೆದ್ದು, ಸೋತು, ಮತ್ತೆ ಗೆದ್ದು ನೂರು ಕಾಲ ಸುಖವಾಗಿ ಬಾಳಿದರು. ಕತೆ ಹೇಳಿದ ನಾನೂ ಗೆಲುವಾಗಿದ್ದೇನೆ, ಕೇಳಿದ ನೀವೂ ಗೆಲುವಾಗಿರಿ.