ಒಂದು ಬಾಗಿಲಿಗೂ ಬೀಗವಿಲ್ಲ

ಬೆಳಿಗ್ಗೆ ಒಂಬತ್ತಕ್ಕೆ ಬಂದವರು ನೋಡಿದ್ದು ಒಡೆದ ಬೀಗ, ಖಾಲಿ ಕಪಾಟು. ಮುನ್ನೂರು ಸಮೀಕ್ಷೆ ಹಾಳೆಗಳು ಮಾಯ. ಈ ಹೊಲಿಗೆ ಕೇಂದ್ರದಲ್ಲಿ ಕಲಿತ ಹೆಂಗಸರಿಗೆ ಆರು ತಿಂಗಳಲ್ಲಿ ಕೆಲಸ ಸಿಕ್ಕಿತೇ ಎಂದು ಮನೆಮನೆ ಅಲೆದು ಬರೆದು ತಂದ ಹಾಳೆಗಳು ಅವು. ಅವನ್ನು ನೋಡಲು ದಾನಿಗಳು ಮಧ್ಯಾಹ್ನ ಬರುವವರಿದ್ದರು.

"ಮನೆಮನೆ ಅಲೆದವಳೇ ಕದ್ದಿದ್ದಾಳೆ," ಎಂದರು ವ್ಯವಸ್ಥಾಪಕರು. "ರಜೆ ಕೊಡಲಿಲ್ಲ ಅಂತ ಸೇಡು. ಇವತ್ತೇ ಕೆಲಸದಿಂದ ತೆಗೀತೀನಿ. ಪುಣ್ಯಕ್ಕೆ ನಾನು ನಿನ್ನೆನೇ ಹಾಳೆ ನೋಡಿ ವರದಿ ಬರೆದಿಟ್ಟಿದ್ದೆ."

ಹಾಳೆ ಬರೆದು ತಂದಿದ್ದ ಸಮೀಕ್ಷೆಯ ಅಕ್ಕ ಕಣ್ಣೊರೆಸಿಕೊಂಡಳು. "ಕಪಾಟಿನ ಕೀಲಿ ನನ್ನ ಹತ್ರಾನೇ ಇದೆ. ಬೀಗ ಯಾಕೆ ಒಡೀಲಿ?"

ಅಂಕಿಅಂಶದ ಗುಮಾಸ್ತೆಗೆ ಈ ಮಾತು ನಾಟಿತು. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆಂದು ಅವಳನ್ನು 'ಕೊಕ್ಕೆ' ಎಂದೇ ಕರೆಯುತ್ತಿದ್ದರು. ಹಿಂದಿನ ದಿನ ರದ್ದಿ ಪೇಪರಿನವನು ಬಂದಿದ್ದನಂತೆ. ಹಾಳೆಗಳು ರದ್ದಿಗೆ ಹೋಗಿರಬಹುದೇ ಎಂದು ಕೊಕ್ಕೆ ಅವನ ಅಂಗಡಿಗೇ ಹೋಗಿ ಮೂಟೆ ಬಿಚ್ಚಿಸಿದಳು. ಬರೀ ಹಳೇ ಪತ್ರಿಕೆ.

* * *

ಮಧ್ಯಾಹ್ನ ದಾನಿಗಳ ಮುಂದೆ ವ್ಯವಸ್ಥಾಪಕರು ವರದಿ ಓದಿದರು. ಮುನ್ನೂರು ಮನೆ, ಮುನ್ನೂರು ಉತ್ತರ. ಇನ್ನೂರ ಎಪ್ಪತ್ತು ಜನಕ್ಕೆ ಕೆಲಸ!

ಕೊಕ್ಕೆ ಎದ್ದು ನಿಂತಳು. "ಸಾರ್, ಬೀಗ ಹಾಕಿದ ಮನೆಗಳೆಲ್ಲಿ?"

"ಯಾವ ಮನೆ?"

ಕೊಕ್ಕೆ ಬಾಗಿಲ ಬಳಿ ನಿಂತಿದ್ದ ಅಕ್ಕನತ್ತ ನೋಡಿದಳು. "ಅಕ್ಕಾ, ಎಷ್ಟು ಮನೇಲಿ ಯಾರೂ ಸಿಗಲಿಲ್ಲ?"

"ನಲವತ್ತೊಂದು. ಹಾಳೆ ಮೇಲೆ 'ಬೀಗ' ಅಂತ ಬರೆದೆ. ನಾನು ಬಂದಿದ್ದೆ ಅಂತ ಚೀಟಿ ಬರೆದು, ಅರ್ಧ ಹರಿದು ಪಕ್ಕದ ಮನೆಯವರ ಕೈಗೆ ಕೊಟ್ಟೆ. ಅವರ ಸಹಿ ಇರೋ ಅರ್ಧ ಇಲ್ಲೇ ಇದೆ."

ಅಕ್ಕ ಚೀಲ ಸುರಿದಳು. ನಲವತ್ತೊಂದು ಅರ್ಧ ಚೀಟಿಗಳು.

"ಮುನ್ನೂರು ಬಾಗಿಲು ತಟ್ಟಿದ್ರೆ ಕೆಲವರಾದ್ರೂ ಊರು ಬಿಟ್ಟಿರ್ತಾರೆ ಸಾರ್," ಎಂದಳು ಕೊಕ್ಕೆ. "ಹಾಳೆ ನೋಡಿ ಬರೆದಿದ್ರೆ ನಲವತ್ತೊಂದು ಖಾಲಿ ಇರ್ಬೇಕಿತ್ತು. ನೀವು ಕೂತಲ್ಲೇ ಬರೆದ್ರಿ. ಹಾಳೆ ಉಳಿದಿದ್ರೆ ನಿಮ್ಮ ಬಣ್ಣ ಬಯಲಾಗ್ತಿತ್ತು. ಕೀಲಿ ಇಲ್ಲದ್ದಕ್ಕೆ ಬೀಗ ಒಡೆದ್ರಿ."

ವ್ಯವಸ್ಥಾಪಕರ ಮುಖ ಕಪ್ಪಿಟ್ಟಿತು. "ಹೌದು, ಹರಿದು ಹಾಕ್ದೆ! ಹರಿಯೋವಾಗ ಮೇಲಿನ ನಾಲ್ಕಾರು ಹಾಳೆ ನೋಡ್ದೆ, ಅರ್ಧಕ್ಕರ್ಧ ಜನಕ್ಕೆ ಕೆಲಸಾನೇ ಸಿಕ್ಕಿಲ್ಲ. ಅದನ್ನ ತೋರಿಸಿದ್ರೆ ಕೇಂದ್ರ ಮುಚ್ಚಿಸ್ತಾರೆ. ಎಲ್ಲರನ್ನೂ ಉಳಿಸೋಕೆ ಮಾಡ್ದೆ."

"ಎಲ್ಲರನ್ನೂ ಉಳಿಸೋಕೆ ಅಕ್ಕನ ತಲೆಗೆ ಕಟ್ಟಿದ್ರಾ?"

ಕೊಕ್ಕೆ ದಾನಿಗಳತ್ತ ತಿರುಗಿದಳು. "ಕೆಲಸ ಯಾಕೆ ಸಿಗಲಿಲ್ಲ ಅಂತ ತಿಳಿಯೋಕೇ ಈ ಸಮೀಕ್ಷೆ. ಮತ್ತೆ ಮಾಡ್ತೀವಿ. ಮುಚ್ಚಿಸೋದಾದ್ರೆ ನಿಜವಾದ ಅಂಕಿ ನೋಡಿ ಮುಚ್ಚಿಸಿ."

ಅಕ್ಕ ಆಗಲೇ ಹೊಸ ಹಾಳೆಗಳ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದ್ದಳು.

"ಮೊದಲ್ನೇ ಮನೆ ಬಸ್ ನಿಲ್ದಾಣದ ಹಿಂದೆ," ಎಂದಳು. "ಬರೋರು ಬನ್ನಿ."