ಸರೋವರದ ಕಣ್ಣಿನಲ್ಲಿ ಎಂಜಿನ್

"ನಾಳೆ ಮಧ್ಯಾಹ್ನದೊಳಗೆ ಅವರನ್ನ ಈ ದಡಕ್ಕೆ ತಂದು ಹಾಕ್ಬೇಕು. ತಡವಾದ್ರೆ ಕಾಲು ಉಳಿಯಲ್ಲ," ಎನ್ನುತ್ತ ನರ್ಸ್ ಸೆಂಕಾ ಫೋನ್ ಕೆಳಗಿಟ್ಟಳು.

ದೋಣಿಕಟ್ಟೆಯ ಕಾಫಿ ಅಂಗಡಿಯಲ್ಲಿ ಕೂತಿದ್ದವರೆಲ್ಲ ವಿದಾಕನ ಕಡೆ ತಿರುಗಿದರು. ಫೋನ್ ಮಾಡಿದ್ದು ಅವನ ಅಕ್ಕ ಯಾಗ್ಲಿಕಾ. ಸ್ಕಾದರ್ ಸರೋವರದ ಆಚೆ ದಡದಲ್ಲಿ, ಬಂಡೆಗಳ ಬುಡದ ಹನ್ನೊಂದು ಮನೆಯ ಹಳ್ಳಿಯಲ್ಲಿ ಅವಳ ಸಂಸಾರ. ಅವಳ ಗಂಡ ಲಾಬೂದ್ ಮೇಕೆಗಳಿಗೆ ಸೊಪ್ಪು ಕಡಿಯಲು ಹೋಗಿ, ಮಂಜುಗಡ್ಡೆ ಕಟ್ಟಿದ ಕಲ್ಲಿನ ಮೇಲೆ ಜಾರಿ, ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಿದ್ದ. ಪಾದ ತಣ್ಣಗಾಗಿ ನೀಲಿಗಟ್ಟುತ್ತಿತ್ತು. ಬೆಟ್ಟದ ರಸ್ತೆಯನ್ನು ಹಿಮ ಮುಚ್ಚಿತ್ತು. ಈ ಗಾಳಿಗೆ ಹೆಲಿಕಾಪ್ಟರ್ ಏಳುವುದಿಲ್ಲ ಎಂದು ಪಟ್ಟಣದವರು ಕೈ ಚೆಲ್ಲಿದ್ದರು. ಉಳಿದದ್ದು ನೀರಿನ ದಾರಿ. ಆ ಅಲೆಗಳಿಗೆ ಎದೆಯೊಡ್ಡಬಲ್ಲ ದೋಣಿ ಇದ್ದದ್ದು ವಿದಾಕನದೊಂದೇ.

ಆದರೆ ಈ ಬಾವ ಬಾಮೈದರಿಗೆ ಎರಡು ವರ್ಷದಿಂದ ಮಾತೇ ಇರಲಿಲ್ಲ.

ಜಗಳದ ಮೂಲ 'ಕಣ್ಣು'. ಸರೋವರದ ತಳದಲ್ಲಿ ಬಂಡೆ ಸೀಳಿ ಬುಗ್ಗೆ ಉಕ್ಕುವ ಮಡುವಿಗೆ ನಮ್ಮಲ್ಲಿ ಕಣ್ಣು ಎನ್ನುತ್ತಾರೆ. ಲೋಕವೆಲ್ಲ ಕೊರೆಯುವಾಗಲೂ ಅಲ್ಲಿಯ ನೀರು ಬೆಚ್ಚಗಿರುತ್ತದೆ. ಚಳಿ ಬಿತ್ತೆಂದರೆ ಬೆರಳುದ್ದದ ಬೆಳ್ಳಿಮೀನುಗಳು ಸರೋವರದ ಮೂಲೆಮೂಲೆಯಿಂದ ಬಂದು ಅಲ್ಲಿ ಒತ್ತೊತ್ತಾಗಿ ಸೇರುತ್ತವೆ. ಅವನ್ನು ಹಿಡಿದು ಹೊಗೆಯಲ್ಲಿ ಒಣಗಿಸಿಟ್ಟರೆ ಹನ್ನೊಂದು ಮನೆಗೂ ವರ್ಷದ ಊಟ. ಹಾಗಾಗಿ ಬಲೆ ಇಳಿಸುವ ದಿನದವರೆಗೆ ಕಣ್ಣಿನ ಹತ್ತಿರ ಯಾರೂ ಉಸಿರೆತ್ತುವಂತಿಲ್ಲ. ಹುಟ್ಟಿಗೆ ಉಣ್ಣೆ ಸುತ್ತಬೇಕು, ಮೇಕೆಯ ಗಂಟೆಗೆ ಹುಲ್ಲು ತುರುಕಬೇಕು. ಎಂಜಿನ್ ಮಾತಂತೂ ಎತ್ತುವ ಹಾಗೇ ಇಲ್ಲ. ಕಣ್ಣಿನ ಕಾವಲು ಲಾಬೂದನದು. ಎರಡು ವರ್ಷದ ಹಿಂದೆ ಬಿರುಗಾಳಿಗೆ ಹೆದರಿದ ವಿದಾಕ್ ಡಬಡಬ ಎನ್ನುವ ಎಂಜಿನ್ ಸಮೇತ ಅದರೊಳಗೆ ನುಗ್ಗಿದ್ದ. ಮೀನೆಲ್ಲ ಚೆದುರಿ ಆ ವರ್ಷ ಹೊಗೆಮನೆಗಳು ಬರಿದಾದವು. "ನಿನ್ನ ದೋಣಿ ಇನ್ನು ಇಲ್ಲಿಗೆ ಮೂತಿ ತೋರಿಸಕೂಡದು," ಎಂದಿದ್ದ ಲಾಬೂದ್. ಅದೇ ಕೊನೆಯ ಮಾತು.

ವಿದಾಕ್ ಕಾಫಿ ಲೋಟ ದೂಡಿ ಎದ್ದು ನಿಂತ. "ಸಿಸ್ಟರ್, ಈಜು ಬರುತ್ತಾ?"

"ಬರಲ್ಲ."

"ಒಳ್ಳೇದಾಯ್ತು. ಈ ನೀರಲ್ಲಿ ಬಿದ್ರೆ ಈಜು ಬಂದವರೂ ಅಷ್ಟೇ, ಬರದವರೂ ಅಷ್ಟೇ."

"ಧೈರ್ಯ ಹೇಳೋದನ್ನ ನಿನ್ನ ಹತ್ರ ಕಲೀಬೇಕು ಮಾರಾಯ," ಎಂದು ಸೆಂಕಾ ಔಷಧಿ ಪೆಟ್ಟಿಗೆ ಹೆಗಲಿಗೇರಿಸಿದಳು.

ಬಡಗಣ ಗಾಳಿ ಬೆಟ್ಟಗಳಿಂದ ಇಳಿದು ನೀರನ್ನು ಉಳುತ್ತಿತ್ತು. ದೋಣಿ ಏರಿತು, ಇಳಿಯಿತು, ಮತ್ತೆ ಏರಿತು. ಸಿಡಿದ ಹನಿ ಹಲಗೆಯ ಮೇಲೆ ಬಿದ್ದಲ್ಲೇ ಗಾಜಾಗುತ್ತಿತ್ತು. ಸೆಂಕಾ ಎರಡೂ ಕೈಯಲ್ಲಿ ಅಂಚು ಹಿಡಿದು ಗೊತ್ತಿದ್ದ ಸಂತರನ್ನೆಲ್ಲ ಹೆಸರು ಹಿಡಿದು ಕರೆದಳು. ಗೊತ್ತಿದ್ದವರು ಮುಗಿದ ಮೇಲೆ ವಿದಾಕನನ್ನು ಬೈಯತೊಡಗಿದಳು. ಅವರು ಆಚೆ ದಡ ಮುಟ್ಟುವಾಗ ಹೊತ್ತು ಇಳಿದಿತ್ತು.

ಆಮೇಲೆ ಗಾಳಿ ನಿಂತಿತು. ನಿಂತ ಪರಿ ಹೇಗೆಂದರೆ, ಕಿವಿಯೇ ಕಿವುಡಾಯಿತೇ ಎನ್ನಿಸುವಂತೆ. ನೀರು ಎಣ್ಣೆಯಂತೆ ಮಲಗಿತು. ಎದುರು ದಡದ ಬೆಟ್ಟಗಳು ಗುಲಾಬಿಯಾಗಿ, ನೇರಳೆಯಾಗಿ, ಕೊನೆಗೆ ಬಣ್ಣವೇ ಇಲ್ಲದೆ ಕರಗಿದವು. ಬಿಳಿ ಮಂಜು ಮೆಲ್ಲಗೆ ಎದ್ದು ಬಂದು ದ್ವೀಪಗಳನ್ನು ಒಂದೊಂದಾಗಿ ನುಂಗಿತು. ಆ ಮಂಜಿನೊಳಗೆ ಎಲ್ಲೋ ನೀರುಹಕ್ಕಿಯೊಂದು ನಿದ್ದೆಯಲ್ಲಿ ಗೊಣಗಿದ್ದು ಕೇಳಿಸಿತು. ಚೆಂದ ನೋಡುತ್ತ ನಿಂತರೆ ಪ್ರಾಣ ತೆಗೆಯುವ ಚಳಿ ಅದು. ನಮ್ಮ ಸರೋವರದ ದಡದಲ್ಲಿ ಅಂಜೂರ, ದಾಳಿಂಬೆ ಬೆಳೆಯುತ್ತವೆ. ಇಂಥ ಚಳಿಯನ್ನು ಅಜ್ಜಂದಿರು ಕೂಡ ಕಂಡವರಲ್ಲ.

ಸೆಂಕಾ ಲಾಬೂದನ ಪಾದ ಒತ್ತಿ ನೋಡಿ, ಮರದ ಪಟ್ಟಿ ಬಿಗಿದು, ಹೊರಗೆ ಬಂದಳು. "ಈಗಲೇ ಹೊರಡೋಕಾಗಲ್ವಾ?"

"ನನ್ನ ಕೈಬೆರಳೇ ನನಗೆ ಕಾಣ್ತಿಲ್ಲ. ನೀರೊಳಗೆ ಎಷ್ಟು ಬಂಡೆ ಇವೆ ಗೊತ್ತಾ?" ಎಂದ ವಿದಾಕ್. "ಬೆಳಕು ಹರಿದ ತಕ್ಷಣ ಹೊರಡೋಣ."

ದೋಣಿಯ ಪಕ್ಕದಲ್ಲಿ ಏನೋ ಸಣ್ಣಗೆ ಚಟಪಟ ಎಂದಿತು. ವಿದಾಕ್ ಬಗ್ಗಿ ನೋಡಿದ. ಹಲಗೆಗೂ ಕಲ್ಲಿಗೂ ನಡುವೆ ನೀರಿನ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತಿತ್ತು. ಅವನು ಥಟ್ಟನೆ ಎಂಜಿನ್ನಿನ ಕಡೆ ತಿರುಗಿದ.

ಅವನ ಎಂಜಿನ್ ಸರೋವರದ ನೀರನ್ನೇ ಹೀರಿ ಮೈ ತಂಪು ಮಾಡಿಕೊಳ್ಳುವ ಹಳೆಯ ಡೀಸೆಲ್ ಯಂತ್ರ. ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿ ನೀರು ಉಳಿಯುತ್ತದೆ. ಅದು ಗಡ್ಡೆ ಕಟ್ಟಿ ಹಿಗ್ಗಿದರೆ ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಎಂಜಿನ್ ಒಡೆದರೆ ಲಾಬೂದನ ಕಾಲು ಹೋಯಿತೆಂದೇ ಲೆಕ್ಕ.

"ನೀರನ್ನ ಹೊರಗೆ ಬಿಡು ಮತ್ತೆ," ಎಂದಳು ಸೆಂಕಾ.

"ಬಿಡಬಹುದು. ತಿರುಪು ಎಲ್ಲಿದೆ ಅಂತ ಗೊತ್ತಾದ್ರೆ."

"ನಿನ್ನ ಎಂಜಿನ್ನು, ನಿನಗೇ ಗೊತ್ತಿಲ್ವಾ?"

ವಿದಾಕ್ ತಲೆ ಕೆರೆದುಕೊಂಡ. ಸಂತ ನಿಕೋಲ ನಮ್ಮ ದೋಣಿಗಳ ದೇವರು. ಅವನ ಹಬ್ಬಕ್ಕೆ ದೋಣಿಯ ಜೊತೆ ಎಂಜಿನ್ನಿಗೂ ಹೊಸ ಬಣ್ಣ ಬಳಿಯುವುದು ಅವರ ಮನೆಯ ಪದ್ಧತಿ. ಅಪ್ಪ ಬಳಿದಿದ್ದ, ಆಮೇಲೆ ಮಗ ಬಳಿದಿದ್ದ. ಹಸಿರಿನ ಮೇಲೆ ಹಸಿರು ಕೂತು ತಿರುಪು ಎಂಬುದು ಎಂಜಿನ್ನಿನ ಮೈಯಲ್ಲಿ ಮಾಯವಾಗಿತ್ತು. ಗಡ್ಡೆಯನ್ನೇ ಕಾಣದ ಸರೋವರದಲ್ಲಿ ಅದನ್ನು ಹುಡುಕುವ ಕೆಲಸ ಯಾರಿಗೂ ಬಿದ್ದಿರಲಿಲ್ಲ.

ಯಾಗ್ಲಿಕಾ ಲಾಟೀನು ಹಿಡಿದಳು. ವಿದಾಕ್ ಚಾಕುವಿನಿಂದ ಬಣ್ಣ ಕೆರೆದ. ಕೊನೆಗೂ ತಿರುಪಿನ ತಲೆ ಕಂಡಿತು. ಪಾನಾ ಸಿಕ್ಕಿಸಿ ಎಳೆದ. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಮೈಯೆಲ್ಲ ಬಲ ಹಾಕಿ ಮತ್ತೊಮ್ಮೆ ಎಳೆದ. ಪಾನಾ ಜಾರಿತು, ತಿರುಪಿನ ಮೂಲೆಗಳು ಸವೆದು ಗುಂಡಗಾದವು. ಅವನ ಗೆಣ್ಣು ಕಿತ್ತು ರಕ್ತ ಬಂತು.

"ಕೆಂಡ ತರ್ಲೇನೋ?" ಎಂದಳು ಯಾಗ್ಲಿಕಾ.

"ಡೀಸೆಲ್ ಕುಡಿದ ಹಲಗೆ ಕಣೇ ಅಕ್ಕ! ಎಂಜಿನ್ ಬೆಚ್ಚಗಾಗೋ ಮೊದಲು ದೋಣಿಗೆ ಕೊಳ್ಳಿ ಇಟ್ಟಂಗಾಗುತ್ತೆ."

ಒಲೆಯಲ್ಲಿ ಕಲ್ಲು ಕಾಯಿಸಿ ತಂದರು. ಉಣ್ಣೆಯಲ್ಲಿ ಸುತ್ತಿ ಎಂಜಿನ್ನಿನ ಪಕ್ಕ ಪೇರಿಸಿದರು. ಮೇಲೆ ಕಂಬಳಿ ಹೊದಿಸಿದರು. ಮುಂದಿನ ಕಲ್ಲುಗಳು ಕಾಯುವಷ್ಟರಲ್ಲಿ ಹಿಂದಿನವು ಹೆಣದಂತೆ ತಣ್ಣಗಾಗಿದ್ದವು. ಒಲೆಯ ಸೌದೆ ಕರಗುತ್ತ ಬಂತು. ಪೊರೆ ದಪ್ಪವಾಗುತ್ತ ಬಂತು.

ಆಗ ಮಂಜು ಒಂದು ಗಳಿಗೆ ಹರಿದು ಬೆಳದಿಂಗಳು ಬಿತ್ತು. ಸೆಂಕಾ ಬಂಡೆಗಳಾಚೆ ಕೈ ತೋರಿಸಿದಳು. "ಅಲ್ಲಿ ಹೊಗೆ ಏಳ್ತಿದೆಯಲ್ಲ, ಅದ್ಯಾರ ಮನೆ?"

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಅದು ಮನೆಯ ಹೊಗೆಯಲ್ಲ, ಕಣ್ಣಿನ ಆವಿ. ವಿದಾಕನಿಗೆ ದಡ ಮುಟ್ಟಿದಾಗಲೇ ಅದು ಕಂಡಿತ್ತು. ಕೇಳಲು ಬಾಯಿ ಬಂದಿರಲಿಲ್ಲ.

ಯಾಗ್ಲಿಕಾ ನೇರ ಒಳಗೆ ನಡೆದಳು. "ಏನ್ರೀ, ದೋಣೀನ ಕಣ್ಣೊಳಗೆ ಇಡ್ಬೇಕು."

"ಆಗಲ್ಲ," ಎಂದ ಲಾಬೂದ್, ಕಣ್ಣು ಮುಚ್ಚಿಕೊಂಡೇ.

"ಎಂಜಿನ್ ಒಡೆದ್ರೆ ನಿಮ್ಮ ಕಾಲು ಕತ್ತರಿಸ್ತಾರೆ!"

"ಕಾಲು ನಂದೊಬ್ಬಂದು. ಮೀನು ಹನ್ನೊಂದು ಮನೇದು."

"ಅಯ್ಯೋ ನಿಮ್ಮ ಹಟಕ್ಕೆ ಬೆಂಕಿ ಬೀಳ! ಒಂಟಿ ಕಾಲಲ್ಲಿ ಮೇಕೆ ಹಿಂದೆ ಓಡೋರು ಯಾರು? ಹನ್ನೊಂದು ಮನೆಯೋರು ಬರ್ತಾರಾ?" ಅವಳು ಅವನ ಪಕ್ಕ ಕೂತಳು. "ನನಗೆ ನೀವು ಬೇಕು ಕಣ್ರೀ. ಎರಡು ಕಾಲಿರೋ ನೀವು."

ವಿದಾಕ್ ಹೊಸ್ತಿಲಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿತ್ತು. "ಬಾವ," ಎಂದ. ಆ ಮಾತು ಬಾಯಿಂದ ಹೊರಡಲು ಎರಡು ವರ್ಷ ಹಿಡಿದಿತ್ತು. "ಎಂಜಿನ್ ಸದ್ದು ಮಾಡಲ್ಲ. ಹುಟ್ಟಿಗೆ ಉಣ್ಣೆ ಸುತ್ತಿ ಒಳಗೆ ತರ್ತೀನಿ, ಹಂಗೇ ಹೊರಗೆ ಒಯ್ತೀನಿ. ಅವತ್ತು ಮಾಡಿದ್ದು ತಪ್ಪು. ಇವತ್ತು ಮಾಡಲ್ಲ."

ಲಾಬೂದ್ ಕಣ್ಣು ತೆರೆದು ಅವನತ್ತ ತಿರುಗಿದ.

"ನನ್ನನ್ನೂ ದೋಣಿಗೆ ಹಾಕಿ," ಎಂದ ಕೊನೆಗೆ. "ನಾನೇ ಕಾವಲಿರ್ತೀನಿ. ಒಂದು ಮೀನು ಬೆದರಿದ್ರೂ ಈ ಬಾಮೈದನನ್ನ ನೀರಿಗೆ ತಳ್ತೀನಿ."

"ಮುರಿದ ಕಾಲಲ್ಲೇ ತಳ್ಳಿ," ಎಂದಳು ಸೆಂಕಾ. "ನಾನೂ ಕೈ ಹಾಕ್ತೀನಿ."

ಬಾಗಿಲಿನ ಹಲಗೆಯ ಮೇಲೆ ಅವನನ್ನು ಮಲಗಿಸಿ, ಕುರಿಚರ್ಮ ಹೊದಿಸಿ, ದೋಣಿಗೆ ಇಳಿಸಿದರು. ಯಾಗ್ಲಿಕಾ ಹುಟ್ಟುಗಳಿಗೆ ಉಣ್ಣೆ ಸುತ್ತಿ ಕಟ್ಟಿ, ಸೆಂಕಾಳನ್ನೂ ಹತ್ತಿಸಿ, ತಾನು ದಡದಲ್ಲೇ ಉಳಿದಳು. ಬಂಡೆಗಳ ನಡುವೆ ದಾರಿ ಹೇಳುತ್ತ ಬಂದ ಲಾಬೂದ್, ಕೊನೆಯ ಬಂಡೆ ದಾಟುವ ಮೊದಲು ತುಟಿಯ ಮೇಲೆ ಬೆರಳಿಟ್ಟ. ಅಲ್ಲಿಂದ ಮುಂದೆ ಮಾತಿಲ್ಲ.

ಆವಿ ಅವರನ್ನು ಒಳಗೆ ಕರೆದುಕೊಂಡಿತು. ಕೆನ್ನೆಗೆ ತೇವದ ಬೆಚ್ಚನೆ ತಾಗಿತು. ಮೂರು ಕಡೆ ಬಂಡೆ, ಮೇಲೆ ಬಿಳಿ ಮುಸುಕು, ಕೆಳಗೆ ಕಪ್ಪು ನೀರು. ವಿದಾಕ್ ಹುಟ್ಟು ಮೇಲೆತ್ತಿ ಹಿಡಿದ. ದೋಣಿ ತಾನಾಗಿಯೇ ತೇಲಿ ಮಡುವಿನ ನಡುವೆ ನಿಂತಿತು.

ಸೆಂಕಾ ಕೆಳಗೆ ಇಣುಕಿದಳು. ಲಾಟೀನಿನ ಮಬ್ಬು ಬೆಳಕಿಗೆ ನೀರಿನ ತಳದಲ್ಲಿ ಏನೋ ಹೊರಳಿತು. ಮೀನು. ಲೆಕ್ಕವಿಲ್ಲದ ಮೀನು. ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿದ್ದೆಯಲ್ಲಿರುವಂತೆ ಓಲಾಡುತ್ತಿದ್ದವು. ದೋಣಿಯ ನೆರಳು ಬಿದ್ದಾಗ ಆ ಬೆಳ್ಳಿಯ ಗುಂಪು ಬಾಯಿ ತೆರೆದು ದಾರಿ ಬಿಟ್ಟಿತು. ಮೂವರೂ ಉಸಿರು ಹಿಡಿದರು. ಗುಂಪು ಮೆಲ್ಲಗೆ ಮತ್ತೆ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಹಲಗೆಯ ತಳದಿಂದ ತುಂತುರು ಮಳೆಯಂಥ ಸಪ್ಪಳ ಬರತೊಡಗಿತು. ಮೀನುಗಳು ದೋಣಿಯ ಹೊಟ್ಟೆಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಸದಾ ಗಲಗಲ ಎನ್ನುವ ಸೆಂಕಾಳ ಕಣ್ಣಲ್ಲಿ ನೀರು ತುಂಬಿತು.

ಹೊತ್ತು ಎಷ್ಟು ಕಳೆಯಿತೋ ಯಾರಿಗೆ ಗೊತ್ತು. ಮಂಜಿನಿಂದ ಒಂದು ಹೆಜ್ಜಾರ್ಲೆ ಹಕ್ಕಿ ತೇಲಿ ಬಂತು. ದೋಣಿಯನ್ನು ನೋಡಿ ಬೆದರದೆ ಪಕ್ಕದಲ್ಲೇ ಕೊಕ್ಕು ರೆಕ್ಕೆಗೆ ಸೇರಿಸಿ ಮಲಗಿತು. ಬಾವ ಒಂದು ಬದಿ, ಬಾಮೈದ ಒಂದು ಬದಿ, ನಡುವೆ ಕಂಬಳಿ ಹೊದ್ದ ಎಂಜಿನ್. ಆಡಲು ಎರಡು ವರ್ಷದ ಮಾತಿತ್ತು, ಆಡುವ ಹಾಗಿರಲಿಲ್ಲ. ವಿದಾಕ್ ಕಂಬಳಿಯೊಳಗೆ ಕೈ ತೂರಿಸಿ ಕಬ್ಬಿಣ ಮುಟ್ಟಿದ. ತಣ್ಣಗಿತ್ತು, ಕೊರೆಯುತ್ತಿರಲಿಲ್ಲ. ಅತ್ತ ಕಡೆಯಿಂದ ಇನ್ನೊಂದು ಕೈ ಬಂತು. ಲಾಬೂದನೂ ಮುಟ್ಟಿ ನೋಡಿದ. ಕೈ ಹಿಂದೆಗೆಯುವಾಗ ಬಾಮೈದನ ಕಿತ್ತ ಗೆಣ್ಣನ್ನು ಒಮ್ಮೆ ಮೆಲ್ಲಗೆ ಹಿಡಿದು ಬಿಟ್ಟ.

ಬೆಳಕು ಹರಿಯಿತು. ಜೊತೆಗೆ ಕೆಟ್ಟ ಸುದ್ದಿ.

ಕಣ್ಣಿನ ಬಾಯಿಗೆ ಅಡ್ಡಲಾಗಿ ಗಡ್ಡೆ ಕಟ್ಟಿತ್ತು. ಕೊಡಲಿಯಿಂದ ಒಂದೇಟು ಹಾಕಿದರೆ ಮೀನೆಲ್ಲ ಓಡುತ್ತವೆ. ವಿದಾಕ್ ತಲೆಯ ಮೇಲೆ ಕೈ ಇಟ್ಟುಕೊಂಡ.

ಬಂಡೆಯ ಮೇಲಿಂದ ಯಾಗ್ಲಿಕಾ ಕೈ ಬೀಸಿದಳು. ಅವಳ ಕೈಯಲ್ಲಿ ಸೌದೆ ಕೊಯ್ಯುವ ಗರಗಸವಿತ್ತು.

ಅವಳು ಬಂಡೆಯಿಂದ, ಅವನು ದೋಣಿಯ ಮೂತಿಯಿಂದ, ಗಡ್ಡೆಯನ್ನು ರೊಟ್ಟಿ ಕೊಯ್ದಂತೆ ಕೊಯ್ದರು. ಸದ್ದು ಬಾರದಂತೆ ನಿಧಾನವಾಗಿ. ಕೊಯ್ದ ತುಂಡುಗಳನ್ನು ಗಡ್ಡೆಯ ಅಡಿಗೇ ದೂಡಿದರು. ಬೆರಳು ಮರಗಟ್ಟಿದವು. ಸೆಂಕಾ ಲಾಬೂದನ ಪಾದ ನೋಡಿ ಬೇಗ ಬೇಗ ಎಂದು ಸನ್ನೆ ಮಾಡಿದಳು. ಕಡೆಗೂ ದೋಣಿ ಅಗಲದ ದಾರಿ ತೆರೆಯಿತು. ಯಾಗ್ಲಿಕಾ ದೋಣಿಗೆ ಜಿಗಿದಳು.

ಹೊರಗಿನ ಬಂಡೆ ದಾಟಿದ್ದೇ ತಡ, ವಿದಾಕ್ ಎಂಜಿನ್ ತಿರುಗಿಸುವ ಹಿಡಿಗೆ ಕೈ ಹಾಕಿದ.

"ಇಲ್ಲಿ ಬೇಡ," ಎಂದ ಲಾಬೂದ್. "ಇನ್ನೂ ಮುಂದೆ."

"ಲಾಬೂದಣ್ಣ, ನಿಮ್ಮ ಪಾದದ ಬಣ್ಣ ನೋಡಿದೀರಾ?" ಸೆಂಕಾ ರಾತ್ರಿಯೆಲ್ಲ ಅದುಮಿಟ್ಟ ದನಿಯನ್ನು ಒಮ್ಮೆಲೇ ಬಿಟ್ಟಳು.

"ಇನ್ನೂ ಮುಂದೆ ಅಂದೆ."

ಹುಟ್ಟು ಹಾಕಿದರು. ಕಣ್ಣಿನ ಆವಿ ಹಿಂದೆ ಬಿಳಿ ಚುಕ್ಕೆಯಾದ ಮೇಲೆ ಲಾಬೂದ್ ತಲೆಯಾಡಿಸಿದ. ವಿದಾಕ್ ಹಿಡಿ ತಿರುಗಿಸಿದ. ಎಂಜಿನ್ ಗೊರ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಸತ್ತಿತು.

"ಸಂತ ನಿಕೋಲ, ಇಷ್ಟು ವರ್ಷ ಬಣ್ಣ ಬಳಿದಿದ್ದೀವಲ್ಲಪ್ಪ," ಎಂದು ಯಾಗ್ಲಿಕಾ ಶಿಲುಬೆಯ ಗುರುತು ಮಾಡಿಕೊಂಡಳು.

ಮೂರನೆಯ ಸಲ. ಡಬ್. ಡಬ್ ಡಬ್. ಡಬಡಬಡಬ! ಪಕ್ಕದ ಕೊಳವೆಯಿಂದ ನೀರು ಚಿಮ್ಮಿತು. ವಿದಾಕ್ ಹುಚ್ಚನಂತೆ ನಗುತ್ತ ಎಂಜಿನ್ನನ್ನು ತಬ್ಬಿಕೊಂಡ.

ದಾರಿಯುದ್ದಕ್ಕೂ ಗಡ್ಡೆಯ ಹಾಳೆಗಳು ಹಲಗೆಗೆ ಬಡಿದವು. ಸೆಂಕಾ ಮೂತಿಯಲ್ಲಿ ಕೂತು ಹುಟ್ಟಿನಿಂದ ಅವನ್ನು ತಳ್ಳಿದಳು. ಒಂದು ಹಲಗೆ ಸೀಳಿ ನೀರು ನುಗ್ಗಿತು. ಯಾಗ್ಲಿಕಾ ಅದಕ್ಕೆ ಕುರಿಚರ್ಮ ತುರುಕಿ, ಅದರ ಮೇಲೆ ತಾನೇ ಕೂತಳು. ಬಿಸಿಲು ಮಂಜನ್ನು ಸೀಳುವ ಹೊತ್ತಿಗೆ ದೋಣಿಕಟ್ಟೆ ಕಂಡಿತು. ಕಟ್ಟೆಯ ಮೇಲೆ ಆಂಬುಲೆನ್ಸ್ ನಿಂತಿತ್ತು, ಕಾಫಿ ಅಂಗಡಿಯವರೆಲ್ಲ ಅದರ ಸುತ್ತ ಇದ್ದರು. ಮಧ್ಯಾಹ್ನಕ್ಕೆ ಇನ್ನೂ ಬೇಕಾದಷ್ಟು ಸಮಯವಿತ್ತು.

ಕಾಲು ಉಳಿಯಿತು. ಎರಡು ಕಾಲ್ಬೆರಳು ಮಾತ್ರ ಹೋದವು. "ಇನ್ನೂ ಎಂಟಿವೆ ಬಿಡಿ," ಎಂದನಂತೆ ಲಾಬೂದ್ ಡಾಕ್ಟರಿಗೆ.

ಬಲೆ ಇಳಿಸುವ ದಿನ ಹನ್ನೊಂದು ಮನೆಯ ದೋಣಿಗಳೂ ಕಣ್ಣಿನ ಹೊರಗೆ ಸಾಲಾಗಿ ನಿಂತವು. ಮೊದಲ ಬಲೆ ಯಾರದೆಂದು ಕಾವಲಿನವನು ಕೈಸನ್ನೆಯಲ್ಲೇ ತೋರಿಸಬೇಕು. ಲಾಬೂದ್ ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು ಬಂಡೆಯ ಮೇಲೆ ನಿಂತಿದ್ದ. ವಿದಾಕ್ ಎಲ್ಲರಿಗಿಂತ ಹಿಂದಿದ್ದ; ಬಾವನ ಯೋಗಕ್ಷೇಮ ನೋಡಲು ಬಂದವನು ಬಲೆಯನ್ನೇ ತಂದಿರಲಿಲ್ಲ.

ಲಾಬೂದ್ ಸಾಲನ್ನು ದಾಟಿ ಹಿಂದೆ ಬೆರಳು ತೋರಿಸಿದ. ವಿದಾಕ್ ತನ್ನ ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಬರೀ ನೀರಿತ್ತು. ಬಂಡೆಯ ಮೇಲೆ ಯಾಗ್ಲಿಕಾ ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಲಾಬೂದ್ ಸಿಟ್ಟಿನಿಂದ ಊರುಗೋಲನ್ನೇ ಎತ್ತಿ ಅವನತ್ತ ಚಾಚಿದ.

ಪಕ್ಕದ ದೋಣಿಯವರು ತಮ್ಮ ಬಲೆಯನ್ನು ಸದ್ದಿಲ್ಲದೆ ಅವನ ದೋಣಿಗೆ ಇಟ್ಟರು. ವಿದಾಕ್ ಕಣ್ಣೊರೆಸಿಕೊಂಡು ಹುಟ್ಟು ಹಾಕಿದ. ದೋಣಿಗಳು ಅತ್ತಿತ್ತ ಸರಿದು ಅವನಿಗೆ ದಾರಿ ಬಿಟ್ಟವು.